ಸಾಕ್ಷಿ ಮೀಟರ್

 

ಪ್ರಾಂಶುಪಾಲರು ಫೋನ್ ಮಾಡಿ, "ನಮ್ಮ ವಾರ್ತಾಪತ್ರಕ್ಕೆ ಏನಾದರೂ ಬರೆದು ಕಳಿಸಪ್ಪ, ಹಳೆಯ ವಿದ್ಯಾರ್ಥಿಗಳು ಬರೆದರೆ ಹುಡುಗರು ಓದುತ್ತಾರೆ" ಎಂದಾಗ ನನಗೆ ನಗು ಬಂತು. ಪ್ರಥಮ ಪಿಯುಸಿಯ ಭೌತಶಾಸ್ತ್ರದ ಕಿರುಪರೀಕ್ಷೆಯಲ್ಲಿ 25ಕ್ಕೆ 6 ಅಂಕ ತೆಗೆದವನು ನಾನು. ಆ ಉತ್ತರಪತ್ರಿಕೆಯನ್ನು ಕೊಡುವಾಗ ಸರ್ ಏನೂ ಬೈಯಲಿಲ್ಲ. "ಸೂತ್ರ ಸರಿಯಾಗಿ ಬರೆದಿದ್ದೀಯ. ಆದರೆ ಇದರಲ್ಲಿ ಪಿಎ ಯಾಕಿದೆ ಅಂತ ಹೇಳು" ಎಂದು ಕೇಳಿದರು. ಪಿ ಸಮ ಪಿಎ ಪ್ಲಸ್ ರೋ ಜಿ ಎಚ್. ದ್ರವದೊಳಗಿನ ಒತ್ತಡದ ಸೂತ್ರ. ಪಿಎ ಅಂದರೆ ವಾತಾವರಣದ ಒತ್ತಡ ಎಂದು ಹೇಳಿದೆ. "ಅದು ಏನು ಅಂತ ನಾನು ಕೇಳಲಿಲ್ಲ, ಯಾಕೆ ಅಂತ ಕೇಳಿದೆ" ಎಂದರು. ನಾನು ನೆಲ ನೋಡುತ್ತ ನಿಂತೆ. ಆ ಪ್ರಶ್ನೆಗೆ ಉತ್ತರ ಸಿಗಲು ನನಗೆ ಏಳು ವರ್ಷ ಬೇಕಾಯಿತು. ಸಿಕ್ಕಿದ್ದು ಒಂದು ವಿಮಾನದ ಕೆಳಗೆ, ಮೊಣಕಾಲೂರಿ ಕೂತಾಗ. ಅದನ್ನೇ ಬರೆಯುತ್ತೇನೆ.

ನಮ್ಮ ಮನೆ ದೇವದುರ್ಗದಲ್ಲಿ. ಅಬ್ಬಾ ಅವರ ಅಂಗಡಿ ಮಾನ್ವಿಯಲ್ಲಿ. ಟ್ರ್ಯಾಕ್ಟರ್, ಲಾರಿ, ಭತ್ತ ಕೊಯ್ಯುವ ಯಂತ್ರಗಳ ಡೀಸೆಲ್ ಪಂಪು ಮತ್ತು ನಾಜಲ್ ರಿಪೇರಿ ಅವರ ಕೆಲಸ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಭತ್ತ ಕೊಯ್ಲಿಗೆ ನಿಂತಾಗ ಅವರು ಎಷ್ಟೋ ರಾತ್ರಿ ಅಂಗಡಿಯಲ್ಲೇ ಮಲಗುತ್ತಿದ್ದರು. ನಾನು ಪಿಯುಸಿಗೆ ರಾಯಚೂರಿಗೆ ಬಂದು ತೀನ್ ಕಂದಿಲ್ ಹತ್ತಿರ ಖಾಲಾ ಅವರ ಮನೆಯಲ್ಲಿದ್ದೆ. ರಜೆ ಬಂದರೆ ಊರಿಗೆ ಹೋಗುವ ಮೊದಲು ಮಾನ್ವಿಯ ಬಸ್ಸು ಹತ್ತಿ ಅಂಗಡಿಗೆ ಹೋಗುತ್ತಿದ್ದೆ. ಮನೆಯಲ್ಲಿ ನಮ್ಮದು ದಖನಿ ಉರ್ದು. ಆದರೆ ಕೆಲಸದ ಮಾತು ಬಂದರೆ ಅಬ್ಬಾ ತಾನಾಗಿ ಕನ್ನಡಕ್ಕೆ ಹೊರಳುತ್ತಾರೆ. ರೈತರ ಜೊತೆ ನಲವತ್ತು ವರ್ಷ ಮಾತಾಡಿದ ನಾಲಿಗೆ ಅದು.

ಅಂಗಡಿಯಲ್ಲಿ ನಾಜಲ್ ಪರೀಕ್ಷೆ ಮಾಡುವ ಕೈಪಂಪು ಇತ್ತು. ಸನಿಕೆ ಒತ್ತಿದರೆ ಡೀಸೆಲ್ ಒತ್ತಡ ಏರುತ್ತದೆ, ಎಷ್ಟಕ್ಕೆ ನಾಜಲ್ ಬಾಯಿ ಬಿಟ್ಟು ಮಂಜಿನಂತೆ ಸಿಡಿಯುತ್ತದೆ ಎಂಬುದನ್ನು ಮೀಟರ್ ತೋರಿಸುತ್ತದೆ. ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಅದು ಸುಮಾರು 200 ಬಾರ್. ಆ ಮೀಟರ್ ಅಲ್ಲದೆ ಅಬ್ಬಾ ಹತ್ತಿರ ಇನ್ನೊಂದು ಮೀಟರ್ ಇತ್ತು. ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿ, ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿಟ್ಟು, ಬೀರುವಿನ ಮೇಲಿಟ್ಟಿದ್ದರು. ಅದನ್ನು ಕೆಲಸಕ್ಕೆ ಬಳಸುತ್ತಿರಲಿಲ್ಲ. ತಿಂಗಳಿಗೊಮ್ಮೆ ತೆಗೆದು, ದಿನಾ ಬಳಸುವ ಮೀಟರ್ ಪಕ್ಕದಲ್ಲಿ ಜೋಡಿಸಿ, ಎರಡೂ ಒಂದೇ ಹೇಳುತ್ತವೆಯೇ ಎಂದು ನೋಡಿ ಮತ್ತೆ ಸುತ್ತಿಡುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಸಾಕ್ಷಿ ಮೀಟರ್.

ಒಮ್ಮೆ ಕವಿತಾಳ ಕಡೆಯ ರೈತರೊಬ್ಬರು, "ಮಿಸ್ತ್ರಿ ಸಾಬ್ರ, ಇದರಾಗ ಏನೂ ಇಲ್ರಿ, ನಿಮ್ಮ ಮೀಟ್ರ ಕೆಟ್ಟೈತಿ" ಎಂದು ಜಗಳಕ್ಕೆ ನಿಂತರು. ಅಬ್ಬಾ ಮಾತಾಡದೆ ಡಬ್ಬಿ ಇಳಿಸಿ ಸಾಕ್ಷಿ ಮೀಟರ್ ಹಚ್ಚಿದರು. ಎರಡೂ 150 ಹತ್ತಿರ ನಿಂತವು. ಆ ರೈತರು ಸುಮ್ಮನಾದರು. ಅವರು ಹೋದ ಮೇಲೆ ಅಬ್ಬಾ ನನಗೆ ಹೇಳಿದ್ದು ಇಷ್ಟೇ: "ಮೀಟ್ರ ಸುಳ್ಳು ಹೇಳ್ತೈತಿ ಅನ್ನೋದು ಭಾಳ ಸೋವಿ ಮಾತು ಬೇಟಾ. ಹೌದಂದ್ರೂ ನೋಡಿ ಹೇಳಬೇಕು, ಅಲ್ಲಂದ್ರೂ ನೋಡಿ ಹೇಳಬೇಕು." ನಾನು ಆಗ ಮೊಬೈಲ್ ನೋಡುತ್ತಿದ್ದೆ.

ದ್ವಿತೀಯ ಪಿಯುಸಿಯಲ್ಲಿ ಹೇಗೋ ಪ್ರಥಮ ದರ್ಜೆ ಬಂತು. ವಿಮಾನ ನಿರ್ವಹಣೆಯ ಎಂಜಿನಿಯರ್ ಆಗಲು ಪೈಲಟ್ ತರಬೇತಿಯಷ್ಟು ಹಣ ಬೇಡ, ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇದ್ದರೆ ಸಾಕು ಎಂದು ಖಾಲಾ ಅವರ ಮಗ ಹೇಳಿದ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ಒಪ್ಪಿಗೆ ಪಡೆದ ತರಬೇತಿ ಸಂಸ್ಥೆಯಲ್ಲಿ ಓದಿ, ಅವರ ಪರೀಕ್ಷೆಗಳನ್ನು ಪಾಸು ಮಾಡಿ, ಕೆಲಸದ ಅನುಭವ ತೋರಿಸಿದರೆ ಲೈಸೆನ್ಸ್. ಸಣ್ಣ ಪಿಸ್ಟನ್ ಎಂಜಿನ್ ವಿಮಾನಗಳ ಲೈಸೆನ್ಸಿಗೆ ಬಿ 1.2 ಎನ್ನುತ್ತಾರೆ. ಅದಕ್ಕೂ ಹಣ ಬೇಕಿತ್ತು. ಅಬ್ಬಾ ಅಂಗಡಿಯ ಹಿಂದಿನ ಖಾಲಿ ಜಾಗ ಮಾರಿದರು. ಅಲ್ಲಿ ದೊಡ್ಡ ಶೆಡ್ಡು ಹಾಕಬೇಕೆಂದು ಹತ್ತು ವರ್ಷದಿಂದ ಅಂದುಕೊಂಡಿದ್ದರು. ಆ ವಿಷಯವನ್ನು ಅಮ್ಮಿ ಹೇಳಿದ್ದರಿಂದ ನನಗೆ ಗೊತ್ತಾಯಿತು. ಅವರು ಇವತ್ತಿಗೂ ಹೇಳಿಲ್ಲ.

ಓದು ಮುಗಿಸಿ ಬೆಂಗಳೂರಿನ ಸುತ್ತಲಿನ ಒಂದು ಹಾರಾಟ ತರಬೇತಿ ಶಾಲೆಯಲ್ಲಿ ಟೆಕ್ನಿಷಿಯನ್ ಆಗಿ ಸೇರಿದೆ. ಲೈಸೆನ್ಸ್ ಇನ್ನೂ ಕೈಗೆ ಬಂದಿರಲಿಲ್ಲ. ಸಹಿ ಹಾಕುವವರು ನಮ್ಮ ಹಿರಿಯ ಎಂಜಿನಿಯರ್. ಮೈಸೂರು ಕಡೆಯವರು, ಕಡಿಮೆ ಮಾತಿನವರು. ಇಬ್ಬರು ಕೂರುವ ಚಿಕ್ಕ ವಿಮಾನಗಳು ನಮ್ಮವು.

ಇಲ್ಲಿ ಸ್ವಲ್ಪ ವಿಷಯ ಹೇಳಬೇಕು. ಇಂಥ ಚಿಕ್ಕ ವಿಮಾನದಲ್ಲಿ ಪೆಟ್ರೋಲ್ ಟ್ಯಾಂಕಿನಿಂದ ಪೈಪು, ಫಿಲ್ಟರ್, ಪಂಪುಗಳ ಮೂಲಕ ಕಾರ್ಬ್ಯುರೇಟರ್‌ಗೆ ಬರುತ್ತದೆ. ಒಂದು ಪಂಪು ಎಂಜಿನ್ನಿನಿಂದಲೇ ತಿರುಗುತ್ತದೆ. ಇನ್ನೊಂದು ವಿದ್ಯುತ್ ಪಂಪು, ಏರುವಾಗ ಇಳಿಯುವಾಗ ಹಾಕಿಕೊಳ್ಳಲು. ನಮ್ಮ ಎಂಜಿನ್ನಿನ ಕೈಪಿಡಿಯ ಪ್ರಕಾರ ಪೆಟ್ರೋಲ್ ಒತ್ತಡ 0.15 ಬಾರ್‌ಗಿಂತ ಕೆಳಗಿಳಿಯಬಾರದು, 0.4 ಬಾರ್ ದಾಟಬಾರದು. ಅಬ್ಬಾ ಅವರ 200 ಬಾರ್ ಕಂಡವನಿಗೆ ಇದು ಒಂದು ಲೆಕ್ಕವೇ ಎನಿಸುತ್ತಿತ್ತು. ನೀರಿನ ಲೆಕ್ಕದಲ್ಲಿ ಹೇಳುವುದಾದರೆ ಮನೆಯ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನೀರು ನಾಲ್ಕು ಮೀಟರ್ ಕೆಳಗಿನ ನಲ್ಲಿಯಲ್ಲಿ ಹಾಕುವ ಒತ್ತಡವೇ 0.4 ಬಾರ್. ಒಂದೂವರೆ ಮೀಟರ್ ನೀರಿನ ಒತ್ತಡ 0.15. ಆದರೆ ಈ ಚಿಕ್ಕ ಅಂತರದಲ್ಲೇ ಎಲ್ಲ ಇದೆ. ಒತ್ತಡ ಕಡಿಮೆಯಾದರೆ ಎಂಜಿನ್‌ಗೆ ಪೆಟ್ರೋಲ್ ಸಾಲದೆ ಉಸಿರು ಕಟ್ಟುತ್ತದೆ. ಹೆಚ್ಚಾದರೆ ಕಾರ್ಬ್ಯುರೇಟರ್ ಒಳಗಿನ ತೇಲುವ ಗುಂಡಿ ಬಾಗಿಲು ಮುಚ್ಚಲಾರದೆ ಪೆಟ್ರೋಲ್ ಉಕ್ಕುತ್ತದೆ.

ಇದನ್ನು ಅಳೆಯಲು ಹೆಬ್ಬೆರಳಿನಷ್ಟು ಒಂದು ಸೆನ್ಸರ್ ಇದೆ. ಅದಕ್ಕೆ ಮೂರು ವೈರು: ಒಂದು 5 ವೋಲ್ಟ್ ಕೊಡುವುದು, ಒಂದು ಅರ್ಥ್, ಒಂದು ಉತ್ತರ ತರುವುದು. ಒತ್ತಡ ಸೊನ್ನೆ ಇದ್ದರೆ 0.5 ವೋಲ್ಟ್, ಪೂರ್ತಿ 1 ಬಾರ್ ಇದ್ದರೆ 4.5 ವೋಲ್ಟ್. ನಡುವಿನ 4 ವೋಲ್ಟಿನಲ್ಲಿ ಒಂದು ಬಾರ್ ಹರಡಿಕೊಂಡಿದೆ. ಪೈಲಟ್ ಮುಂದಿನ ಪರದೆ ಆ ವೋಲ್ಟನ್ನು ಓದಿ ಬಾರ್ ಎಂದು ತೋರಿಸುತ್ತದೆ. ಪೈಲಟ್ ಪೆಟ್ರೋಲನ್ನು ನೋಡುವುದಿಲ್ಲ, ಒತ್ತಡವನ್ನೂ ನೋಡುವುದಿಲ್ಲ, ಒಂದು ವೋಲ್ಟಿನ ಮಾತು ಕೇಳುತ್ತಾನೆ ಅಷ್ಟೆ.

ಒಂದು ದಿನ ವಿಮಾನದಿಂದ ಸ್ನ್ಯಾಗ್ ಬಂತು. ಸ್ನ್ಯಾಗ್ ಅಂದರೆ ಹಾರಾಟದಲ್ಲಿ ಕಂಡ ದೋಷವನ್ನು ಪೈಲಟ್ ಪುಸ್ತಕದಲ್ಲಿ ಬರೆಯುವುದು. ಪೆಟ್ರೋಲ್ ಒತ್ತಡ ಆಗಾಗ 0.4 ದಾಟಿ ಕೆಂಪಾಗುತ್ತದೆ ಎಂದಿತ್ತು. ನಾನು ಯೋಚಿಸಲೇ ಇಲ್ಲ. ಹೊಸ ಸೆನ್ಸರ್ ತರಿಸಿ ಹಾಕಿದೆ. ಮರುದಿನ ಅದೇ ಸ್ನ್ಯಾಗ್. ಅಷ್ಟು ದುಡ್ಡಿನ ಸೆನ್ಸರ್ ವ್ಯರ್ಥ. ಹಿರಿಯರು ಬೈಯಲಿಲ್ಲ. "ಎಂಜಿನ್ ನಿಲ್ಲಿಸಿ ನೋಡಿದೆಯಾ?" ಎಂದರು.

ಎಂಜಿನ್ ನಿಂತಿರುವಾಗ ಒತ್ತಡ ನೋಡುವುದೇನು ಎನಿಸಿತು. ಆದರೂ ನೋಡಿದೆವು. ಎಂಜಿನ್ ನಿಂತಿದೆ, ಪಂಪು ನಿಂತಿದೆ, ಪೈಪಿನ ಒತ್ತಡ ಬಿಟ್ಟಿದೆ. ಬ್ಯಾಟರಿ ಸ್ವಿಚ್ ಹಾಕಿದೆವು. ಪರದೆ ಸೊನ್ನೆ ತೋರಿಸಿತು. "ಈಗ ಲ್ಯಾಂಡಿಂಗ್ ಲೈಟ್ ಹಾಕು" ಎಂದರು. ಹಾಕಿದೆ. ಒತ್ತಡ 0.07ಕ್ಕೆ ಏರಿತು. ಲೈಟ್ ಆರಿಸಿದೆ. ಸೊನ್ನೆ. ಮತ್ತೆ ಹಾಕಿದೆ. 0.07.

ದೀಪ ಹಚ್ಚಿದರೆ ಪೆಟ್ರೋಲ್ ಒತ್ತಡ ಏರುತ್ತದೆಯೇ? ಇಲ್ಲ. ಹಾಗಾದರೆ ಇದು ವಿದ್ಯುತ್ತಿನ ಸುಳ್ಳು. ದೀಪ ಮತ್ತು ಸೆನ್ಸರ್ ಒಂದೇ ಅರ್ಥ್ ಬೋಲ್ಟಿಗೆ ಕಟ್ಟಿದ್ದವು. ಆ ಬೋಲ್ಟಿನ ಕೆಳಗೆ ತುಕ್ಕಿನ ಪದರ. ದೀಪದ ದೊಡ್ಡ ಕರೆಂಟು ಆ ತುಕ್ಕನ್ನು ದಾಟುವಾಗ ಅಲ್ಲಿ ಸುಮಾರು 0.3 ವೋಲ್ಟ್ ನಿಲ್ಲುತ್ತಿತ್ತು. ಸೆನ್ಸರಿನ ಮಟ್ಟಿಗೆ ನೆಲವೇ 0.3 ವೋಲ್ಟ್ ಮೇಲೆದ್ದಿತ್ತು. ನೆಲ ಎದ್ದರೆ ಅದರ ಮೇಲೆ ನಿಂತವನೂ ಎತ್ತರ ಕಾಣುತ್ತಾನೆ. 4 ವೋಲ್ಟಿಗೆ 1 ಬಾರ್ ಎಂದರೆ 0.3 ವೋಲ್ಟಿಗೆ ಸುಮಾರು 0.07 ಬಾರ್. ಲೆಕ್ಕ ಸರಿಯಾಗಿ ಕೂತಿತು. ಬೋಲ್ಟು ತೆಗೆದು, ಉಜ್ಜಿ, ಹೊಸ ಲಗ್ ಹಾಕಿ, ಸೆನ್ಸರಿಗೆ ಬೇರೆ ಅರ್ಥ್ ಕೊಟ್ಟೆವು. ಮುಗಿಯಿತು.

ಈ ಸಂಗತಿ ನನಗೆ ತಲೆಗೇರಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಹ್ಯಾಂಗರಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅಬ್ಬಾಗೂ ಫೋನ್ ಮಾಡಿ ಹೇಳಿದೆ.

ಮೂರು ವಾರದ ನಂತರ ಅದೇ ವಿಮಾನದಿಂದ ಇನ್ನೊಂದು ಸ್ನ್ಯಾಗ್ ಬಂತು. ಈ ಸಲ ಉಲ್ಟಾ. ಮೇಲೇರುವಾಗ ಒತ್ತಡ ನಿಧಾನವಾಗಿ 0.26ರಿಂದ 0.16ಕ್ಕೆ ಇಳಿಯುತ್ತದೆ, ಕೆಂಪು ಗೆರೆಯ ಅಂಚಿಗೆ. ಕೆಳಗೆ ಬಂದಾಗ ಸರಿ ಇರುತ್ತದೆ. ಬರೆದವರು ಒಬ್ಬ ವಿದ್ಯಾರ್ಥಿನಿ. ಮರುದಿನ ಬೆಳಿಗ್ಗೆ ಅದೇ ವಿಮಾನದಲ್ಲಿ ಆಕೆ ಮೊದಲ ಸಲ ಒಬ್ಬಳೇ ದೂರದ ಹಾರಾಟಕ್ಕೆ ಹೋಗಬೇಕಿತ್ತು.

"ಮತ್ತೆ ಅದೇ ಸೆನ್ಸರ್" ಎಂದರು ಹ್ಯಾಂಗರಿನವರೆಲ್ಲ. ನಾನೂ ಹಾಗೇ ಅಂದೆ. ಆದರೆ ಈ ಸಲ ನನ್ನ ಹತ್ತಿರ ಕಾರಣವೂ ಇತ್ತು, ಲೆಕ್ಕವೂ ಇತ್ತು. ಅದು ಇನ್ನೂ ಅಪಾಯದ ಸಂಗತಿ ಎಂದು ಆಗ ತಿಳಿಯಲಿಲ್ಲ.

ನನ್ನ ಲೆಕ್ಕ ಹೀಗಿತ್ತು. ಈ ಸೆನ್ಸರ್ ಅಳೆಯುವುದು ಗೇಜ್ ಒತ್ತಡ. ಅಂದರೆ ಪೆಟ್ರೋಲಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು. ಅದಕ್ಕಾಗಿ ಸೆನ್ಸರಿನ ಬೆನ್ನಿನಲ್ಲಿ ಉಸಿರಾಡುವ ಒಂದು ಸಣ್ಣ ರಂಧ್ರವಿದೆ. ಒಂದು ಕಡೆ ಪೆಟ್ರೋಲ್ ಒತ್ತುತ್ತದೆ, ಇನ್ನೊಂದು ಕಡೆ ಹೊರಗಿನ ಗಾಳಿ ಒತ್ತುತ್ತದೆ, ವ್ಯತ್ಯಾಸವೇ ಉತ್ತರ. ಆ ರಂಧ್ರ ಧೂಳಿನಿಂದಲೋ ಅಂಟಿನಿಂದಲೋ ಮುಚ್ಚಿದರೆ ನೆಲದ ಮೇಲಿನ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ವಿಮಾನ ಏರಿದಂತೆ ಹೊರಗಿನ ಗಾಳಿ ತೆಳುವಾಗುತ್ತದೆ, ಸಿಕ್ಕಿಕೊಂಡ ಗಾಳಿ ಮಾತ್ರ ನೆಲದ ಒತ್ತಡವನ್ನೇ ಹಿಡಿದಿರುತ್ತದೆ. ಆಗ ಪೆಟ್ರೋಲಿನ ಒತ್ತಡ ಸರಿಯಿದ್ದರೂ ಪರದೆ ಕಡಿಮೆ ತೋರಿಸುತ್ತದೆ.

ಎಷ್ಟು ಕಡಿಮೆ? ನಮ್ಮ ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರ, ಬೆಂಗಳೂರು ಸುಮಾರು 900 ಮೀಟರ್. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 1.013 ಬಾರ್ ಇದ್ದರೆ ಬೆಂಗಳೂರಿನಲ್ಲಿ ಸುಮಾರು 0.91. ಅಲ್ಲಿಂದ ಇನ್ನೂ 3,000 ಅಡಿ ಏರಿದರೆ ಸುಮಾರು 0.81. ವ್ಯತ್ಯಾಸ 0.1 ಬಾರ್. ಆ ಹುಡುಗಿ ಏರಿದ್ದು 3,000 ಅಡಿ. ಪರದೆಯಲ್ಲಿ ಇಳಿದದ್ದು 0.26ರಿಂದ 0.16ಕ್ಕೆ, ಅಂದರೆ 0.1 ಬಾರ್!

ನನಗೆ ಕುಣಿಯಬೇಕೆನಿಸಿತು. ಪಿಎ ಯಾಕಿದೆ ಎಂದು ಸರ್ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಒತ್ತಡ ಅನ್ನುವುದು ಒಂಟಿಯಾಗಿ ಇರುವುದಿಲ್ಲ, ಯಾವುದರ ಎದುರಿಗೆ ಎಷ್ಟು ಎಂದು ಕೇಳಬೇಕು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ತಯಾರಿಸಿ, 2000ದಲ್ಲಿ ಡಿಜಿಸಿಎ ಪ್ರಮಾಣಪತ್ರ ಪಡೆದ ಹಂಸ-3 ಎಂಬ ಎರಡು ಆಸನದ ವಿಮಾನದ ಬಗ್ಗೆ ಓದುವಾಗಲೂ ಇದೇ ಪಾಠ ಬಂದಿತ್ತು. ಅದರದ್ದು ಆಸ್ಟ್ರಿಯಾದ ರೋಟಾಕ್ಸ್ 914, ಟರ್ಬೋ ಇರುವ ಎಂಜಿನ್. ಟರ್ಬೋ ಗಾಳಿಯನ್ನು ಒತ್ತಿ ಕಾರ್ಬ್ಯುರೇಟರ್‌ಗೆ ಕಳಿಸುವುದರಿಂದ, ಅಲ್ಲಿ ಪೆಟ್ರೋಲ್ ಒತ್ತಡ ಹೊರಗಿನ ಗಾಳಿಗೆ ಹೋಲಿಸಿದರೆ ಸಾಲದು, ಆ ಒತ್ತಿದ ಗಾಳಿಗಿಂತ ಸುಮಾರು 0.25 ಬಾರ್ ಹೆಚ್ಚಿರಬೇಕು. ಪಿಎ ಬದಲಾದರೆ ಎಲ್ಲ ಬದಲಾಗುತ್ತದೆ.

ಸಂಜೆ ಆ ವಿದ್ಯಾರ್ಥಿನಿ ಹ್ಯಾಂಗರಿಗೆ ಬಂದು, "ಸರ್, ನಾಳೆ ವಿಮಾನ ಸಿಗುತ್ತಾ?" ಎಂದು ಕೇಳಿದಳು. ಅವಳಿಗೆ ಹತ್ತೊಂಬತ್ತು ವರ್ಷ ಇರಬಹುದು. ನನ್ನನ್ನು ಸರ್ ಎಂದು ಕರೆದವರು ಕಡಿಮೆ. "ಸಿಗುತ್ತೆ ಮೇಡಂ. ಅದು ಸೆನ್ಸರಿನ ಹುಚ್ಚು. ರಂಧ್ರ ಕ್ಲೀನ್ ಮಾಡಿ ಕೊಡ್ತೀನಿ. ಹೆದರಬೇಡಿ" ಎಂದೆ. ಅವಳು ನಂಬಿ ಹೋದಳು. ಈಗಲೂ ಆ ಮಾತು ನೆನಪಾದರೆ ನನ್ನ ಕೈ ತಣ್ಣಗಾಗುತ್ತದೆ.

ಹಿರಿಯರ ಮುಂದೆ ಲೆಕ್ಕದ ಹಾಳೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. "ಲೆಕ್ಕ ಸರಿಯಾಗಿದೆ" ಎಂದರು. ನಾನು ಬೀಗಿದೆ. ಆಮೇಲೆ ಕೇಳಿದರು: "ಮೇಲೆ ಹೋಗಿ ಸಮತಟ್ಟು ಹಾರಾಟಕ್ಕೆ ಬಂದಾಗ, ಎಂಜಿನ್ ಶಕ್ತಿ ಕಡಿಮೆ ಮಾಡಿದಾಗ, ಒತ್ತಡ ಎಷ್ಟಿತ್ತು?"

ನಾನು ಕೇಳಿರಲಿಲ್ಲ.

"ರಂಧ್ರ ಮುಚ್ಚಿದ್ದರೆ ಅದಕ್ಕೆ ಎತ್ತರ ಮಾತ್ರ ಗೊತ್ತು. 3,000 ಅಡಿಯಲ್ಲಿ ಎಷ್ಟು ಹೊತ್ತು ಹಾರಿದರೂ 0.16ರಲ್ಲೇ ಇರಬೇಕು. ಅಲ್ವಾ?"

ಹೌದು. ಅದು ಅಷ್ಟು ಸರಳ. ನಾನು ಹೊರಗೆ ಓಡಿದೆ. ಅವಳು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದಳು. ಕೇಳಿದೆ. ಅವಳು ತೊಡೆಗೆ ಕಟ್ಟಿಕೊಳ್ಳುವ ಬರೆಯುವ ಹಲಗೆಯ ಹಾಳೆ ತೆಗೆದು ತೋರಿಸಿದಳು. ಪೆನ್ಸಿಲಿನಲ್ಲಿ ಸಣ್ಣ ಅಕ್ಷರದಲ್ಲಿ ಸಮಯ ಹಾಕಿ ಬರೆದಿದ್ದಳು. ಏರುವಾಗ 0.16. ಸಮತಟ್ಟಾಗಿ ಶಕ್ತಿ ಇಳಿಸಿದ ಎರಡು ನಿಮಿಷಕ್ಕೆ 0.24. ಎತ್ತರ ಅದೇ 3,000 ಅಡಿ. "ಇದನ್ನು ಯಾರೂ ಕೇಳಲಿಲ್ಲ ಸರ್" ಎಂದಳು.

ಒತ್ತಡ ಎತ್ತರದ ಜೊತೆ ಇಳಿಯುತ್ತಿರಲಿಲ್ಲ. ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುವಾಗ ಇಳಿಯುತ್ತಿತ್ತು. ಏರುವಾಗ ಪೂರ್ಣ ಶಕ್ತಿ ಬೇಕಾದ್ದರಿಂದ ಎರಡೂ ಒಟ್ಟಿಗೆ ನಡೆದು ನನ್ನನ್ನು ಮೋಸಗೊಳಿಸಿದ್ದವು. ಸಂಖ್ಯೆ ಹೊಂದಿದ್ದು ಬರೀ ಕಾಕತಾಳೀಯ.

ಆ ರಾತ್ರಿ ಅಬ್ಬಾಗೆ ಫೋನ್ ಮಾಡಿದೆ. ವಿಮಾನ ಅಂದರೆ ಅವರಿಗೆ ತಲೆಯ ಮೇಲೆ ಹೋಗುವ ಸದ್ದು ಅಷ್ಟೆ. ಎಲ್ಲ ಕೇಳಿ ಒಂದೇ ಮಾತು ಕೇಳಿದರು: "ಸಾಕ್ಷಿ ಮೀಟ್ರ ಹಚ್ಚಿ ನೋಡೀಯೇನು?"

ಬೆಳಿಗ್ಗೆ ಹಚ್ಚಿದೆವು. ಪ್ರಮಾಣೀಕರಿಸಿದ ಮುಳ್ಳಿನ ಮೀಟರೊಂದನ್ನು, ವೈರಿಲ್ಲದ, ಬ್ಯಾಟರಿ ಬೇಡದ ಮೀಟರನ್ನು, ಸೆನ್ಸರ್ ಇರುವಲ್ಲೇ ಟೀ ಜೋಡಣೆ ಹಾಕಿ ಕೂರಿಸಿದೆವು. ವಿಮಾನವನ್ನು ಕಟ್ಟಿ, ಚಕ್ರಕ್ಕೆ ದಿಮ್ಮಿ ಕೊಟ್ಟು, ನೆಲದ ಮೇಲೆಯೇ ಪೂರ್ಣ ಶಕ್ತಿಯಲ್ಲಿ ಎಂಜಿನ್ ಓಡಿಸಿದೆವು. ಮೊದಲ ನಿಮಿಷ ಎರಡೂ 0.26. ಮಾಮೂಲಿ ಪರೀಕ್ಷೆ ಇಷ್ಟರಲ್ಲೇ ಮುಗಿಯುತ್ತದೆ. ಹಿರಿಯರು ನಿಲ್ಲಿಸಲಿಲ್ಲ. ಎರಡನೇ ನಿಮಿಷಕ್ಕೆ ಪರದೆ ಇಳಿಯತೊಡಗಿತು. ಮುಳ್ಳೂ ಇಳಿಯತೊಡಗಿತು. ಎರಡೂ ಕೈ ಕೈ ಹಿಡಿದಂತೆ 0.16ಕ್ಕೆ ಬಂದವು. ನೆಲ ಬಿಟ್ಟು ಒಂದಡಿಯೂ ಏರಿರಲಿಲ್ಲ.

ಸೆನ್ಸರ್ ಸತ್ಯ ಹೇಳುತ್ತಿತ್ತು. ಸುಳ್ಳು ನನ್ನದಾಗಿತ್ತು.

ಎಂಜಿನ್ ನಿಲ್ಲಿಸಿ, ಪೈಪು ಬಿಚ್ಚಿ, ವಿದ್ಯುತ್ ಪಂಪಿನಿಂದ ಪೆಟ್ರೋಲನ್ನು ಅಳತೆಯ ಡಬ್ಬಿಗೆ ಬಿಟ್ಟು ಗಡಿಯಾರ ನೋಡಿದೆವು. ಪೂರ್ಣ ಶಕ್ತಿಯಲ್ಲಿ ಆ ಎಂಜಿನ್‌ಗೆ ಗಂಟೆಗೆ ಸುಮಾರು 25 ಲೀಟರ್ ಬೇಕು. ಪಂಪು ಅದಕ್ಕಿಂತ ಸಾಕಷ್ಟು ಹೆಚ್ಚು ಕೊಡಬೇಕು. ಮೊದಲು ಚೆನ್ನಾಗಿ ಬಂದ ಧಾರೆ ಆಮೇಲೆ ಸಣ್ಣಗಾಯಿತು. ಫಿಲ್ಟರ್ ಶುಚಿಯಾಗಿತ್ತು. ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಪೈಪು ತೆಗೆದು ಉದ್ದಕ್ಕೆ ಸೀಳಿದೆವು. ಹೊರಗೆ ಹೊಸದರಂತೆ ಹೊಳೆಯುತ್ತಿದ್ದ ಪೈಪಿನ ಒಳಪದರ ಬಿಟ್ಟುಕೊಂಡು ನಾಲಿಗೆಯಂತೆ ಜೋತಿತ್ತು. ಪೆಟ್ರೋಲ್ ನಿಧಾನ ಹರಿದರೆ ಸುಮ್ಮನಿರುತ್ತಿತ್ತು. ಜೋರಾಗಿ ಹರಿದರೆ ಹರಿವಿನ ಜೊತೆ ಎದ್ದು ದಾರಿಗೆ ಅಡ್ಡ ನಿಲ್ಲುತ್ತಿತ್ತು. ಅದು ಎರಡೂ ಪಂಪುಗಳಿಗಿಂತ ಹಿಂದೆ ಇದ್ದುದರಿಂದ ವಿದ್ಯುತ್ ಪಂಪು ಹಾಕಿದರೂ ಉಳಿಯುವ ಹಾಗಿರಲಿಲ್ಲ. ಆ ನಾಲಿಗೆ ಇನ್ನಷ್ಟು ಬಿಟ್ಟುಕೊಂಡಿದ್ದರೆ, ಏರುವ ಹೊತ್ತಿನಲ್ಲಿ, ನೆಲ ಹತ್ತಿರ ಇರುವಾಗಲೇ ಎಂಜಿನ್ ನಿಲ್ಲುತ್ತಿತ್ತು.

ಆ ವಿಮಾನ ಆ ದಿನ ಹಾರಲಿಲ್ಲ. ಮೂರು ದಿನದ ನಂತರ ಹೊಸ ಪೈಪಿನೊಂದಿಗೆ ಹಾರಿತು. ಆ ಹುಡುಗಿ ಹೋಗಿ ಬಂದಳು. ಅವಳು ಹೋಗುವ ಮೊದಲು ಸೀಳಿದ ಪೈಪನ್ನು ತೋರಿಸಿ, "ಅವತ್ತು ನಾನು ನೋಡದೆ ಹೇಳಿದ್ದೆ. ತಪ್ಪು ನನ್ನದು" ಎಂದೆ. ಅವಳು ಬಹಳ ಹೊತ್ತು ಆ ಪೈಪನ್ನೇ ನೋಡಿದಳು. ಏನೂ ಅನ್ನಲಿಲ್ಲ. ಪೆನ್ಸಿಲ್ ಜೇಬಿಗೆ ಹಾಕಿಕೊಂಡು ಹೋದಳು.

ಮೀಟರ್ ಎರಡು ಕಡೆಗೂ ಸುಳ್ಳು ಹೇಳಬಲ್ಲದು ಎಂಬುದಕ್ಕೆ ನಮಗೆ ತರಗತಿಯಲ್ಲಿ ಹೇಳಿಕೊಡುವ ಒಂದು ಉದಾಹರಣೆ ಇದೆ. 1982ರ ಜನವರಿ 13ರಂದು ಅಮೆರಿಕದ ವಾಷಿಂಗ್ಟನ್ನಿನಲ್ಲಿ ಹಿಮ ಬೀಳುವಾಗ ಏರ್ ಫ್ಲೋರಿಡಾದ ಬೋಯಿಂಗ್ 737 ವಿಮಾನ ಮೇಲೇರಿತು. ಎಂಜಿನ್ ಮುಂಭಾಗದ ಒತ್ತಡ ಅಳೆಯುವ ನಳಿಕೆಯಲ್ಲಿ ಹಿಮಗಡ್ಡೆ ಕಟ್ಟಿತ್ತು. ಹಾಗಾಗಿ ಮೀಟರ್ ಇದ್ದುದಕ್ಕಿಂತ ಹೆಚ್ಚು ಶಕ್ತಿ ತೋರಿಸಿತು. ಎಂಜಿನ್ನಿನ ಬೇರೆ ಮೀಟರುಗಳು ಬೇರೆಯೇ ಹೇಳುತ್ತಿದ್ದವು. ಸಹಪೈಲಟ್ ಇದು ಸರಿಯಿಲ್ಲ ಎಂದು ಒಂದಕ್ಕಿಂತ ಹೆಚ್ಚು ಸಲ ಅನುಮಾನ ಪಟ್ಟರೂ ಓಟ ನಿಲ್ಲಲಿಲ್ಲ. ರೆಕ್ಕೆಯ ಮೇಲೂ ಹಿಮವಿತ್ತು. ವಿಮಾನ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆಯ ಮೇಲಿದ್ದ ನಾಲ್ವರೂ ಸೇರಿ 78 ಜನ ಸತ್ತರು. ಅಲ್ಲಿ ಸುಳ್ಳು ಹೇಳಿದ ಮೀಟರನ್ನು ನಂಬಿದರು. ನಾನು ಸತ್ಯ ಹೇಳಿದ ಮೀಟರನ್ನು ಸುಳ್ಳುಗಾರ ಎಂದೆ. ಎರಡು ಕಡೆಯೂ ಇನ್ನೊಂದು ಸಾಕ್ಷಿಯನ್ನು ಕೇಳುವ ತಾಳ್ಮೆ ಇರಲಿಲ್ಲ.

ಈಗ ನನ್ನ ಕೈಯಲ್ಲಿ ಲೈಸೆನ್ಸ್ ಇದೆ, ಸಹಿ ನನ್ನದೇ. ಯಾವುದೇ ಮೀಟರ್ ಸ್ನ್ಯಾಗ್ ಬಂದರೂ ಈ ಕ್ರಮದಲ್ಲಿ ಹೋಗುತ್ತೇನೆ. ಮೊದಲು ಪೈಲಟ್‌ನನ್ನು ಕೂರಿಸಿ ಪೂರ್ತಿ ಕೇಳುತ್ತೇನೆ: ಯಾವಾಗ, ಎಷ್ಟು ಹೊತ್ತು, ಆಗ ಇನ್ನೇನು ಬದಲಾಗಿತ್ತು, ಯಾವಾಗ ಸರಿಹೋಯಿತು. ಎರಡನೆಯದು, ಎಂಜಿನ್ ನಿಂತಾಗ ಸೊನ್ನೆ ಸೊನ್ನೆಯಾಗಿದೆಯೇ ನೋಡುತ್ತೇನೆ. ಮೂರನೆಯದು, ಒಂದೊಂದೇ ಸ್ವಿಚ್ ಹಾಕಿ ಸಂಬಂಧವಿಲ್ಲದ್ದಕ್ಕೆ ಮೀಟರ್ ಅಲುಗಾಡುತ್ತದೆಯೇ ನೋಡುತ್ತೇನೆ. ನಾಲ್ಕನೆಯದು, ಸಾಕ್ಷಿ ಮೀಟರ್. ಇವೆಲ್ಲ ಮುಗಿಯುವವರೆಗೆ ಸೆನ್ಸರ್ ಬದಲಿಸುವುದಿಲ್ಲ, ಮತ್ತು ಯಾರಿಗೂ "ಹೆದರಬೇಡಿ" ಎನ್ನುವುದಿಲ್ಲ.

ಕಳೆದ ರಂಜಾನ್ ಹಬ್ಬಕ್ಕೆ ಊರಿಗೆ ಬಂದಾಗ ಮಾನ್ವಿಗೆ ಹೋಗಿದ್ದೆ. ಅಂಗಡಿಯಲ್ಲಿ ಮೊದಲಿನಷ್ಟು ಕೆಲಸವಿಲ್ಲ. ಹೊಸ ಗಾಡಿಗಳೆಲ್ಲ ಕಾಮನ್ ರೈಲ್, ಒತ್ತಡ ಸಾವಿರ ಬಾರ್ ದಾಟುತ್ತದೆ, ಕಂಪ್ಯೂಟರ್ ಬೇಕು. ಅಬ್ಬಾ ಅವರ ಕಣ್ಣು ಮಂಜಾಗಿದೆ. ಬೀರುವಿನ ಮೇಲಿನ ತಗಡಿನ ಡಬ್ಬಿ ಹಾಗೇ ಇತ್ತು. "ಅಬ್ಬಾ, ಇದನ್ನ ಯಾವತ್ತಾದರೂ ಚೆಕ್ ಮಾಡಿಸೀರೇನು?" ಎಂದು ಕೇಳಿದೆ. ಸಾಕ್ಷಿಗೆ ಸಾಕ್ಷಿ ಯಾರು ಎಂದು ನಕ್ಕರು. ನಾನು ಬೆಂಗಳೂರಿಗೆ ಒಯ್ದು ಮೀಟರ್ ಪ್ರಮಾಣೀಕರಿಸುವ ಲ್ಯಾಬಿನಲ್ಲಿ ಕೊಟ್ಟೆ. ವರದಿ ಬಂತು. 200 ಎಂದು ತೋರಿಸುವಾಗ ನಿಜವಾಗಿ ಇರುವುದು 194.

ಹೇಳುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಲವತ್ತು ವರ್ಷ ಆ ಮೀಟರನ್ನು ನಂಬಿ ಬದುಕಿದವರು. ಆಮೇಲೆ ಫೋನ್ ಮಾಡಿ ಹೇಳಿಬಿಟ್ಟೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಬ್ಬಾ ಜೋರಾಗಿ ನಕ್ಕರು. "ಅದಕ್ಕs ನಿನ್ನ ಓದಿಸಿದ್ದು ಬೇಟಾ" ಎಂದರು. ಮುಂದಿನ ಸಲ ಹೋದಾಗ ನೋಡಿದೆ. ಮೀಟರಿನ ಗಾಜಿಗೆ ಒಂದು ಬಿಳಿ ಚೀಟಿ ಅಂಟಿಸಿದ್ದರು. ಅವರ ಸೊಟ್ಟ ಅಕ್ಷರದಲ್ಲಿ: "200 ಅಂದ್ರ 194."

ತಮ್ಮಂದಿರೇ, ತಂಗಿಯರೇ, ಕಿರುಪರೀಕ್ಷೆಯಲ್ಲಿ 6 ಅಂಕ ಬಂದರೆ ಉತ್ತರಪತ್ರಿಕೆ ಹರಿಯಬೇಡಿ, ಪರೀಕ್ಷೆಯೇ ಸರಿಯಿಲ್ಲ ಎಂದೂ ಅನ್ನಬೇಡಿ. ಸರ್ ಕೇಳಿದ ಪ್ರಶ್ನೆಯನ್ನು ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ. ಉತ್ತರ ತಡವಾಗಿ ಬಂದರೂ ಬರುತ್ತದೆ. ವಿಮಾನ ನಿರ್ವಹಣೆಯ ಓದಿನ ಬಗ್ಗೆ ಕೇಳಬೇಕೆನ್ನುವವರು ಕಾಲೇಜಿನ ಕಚೇರಿಯಲ್ಲಿ ಹೇಳಿದರೆ ನಾನು ಊರಿಗೆ ಬಂದಾಗ ಖಂಡಿತ ಬಂದು ಕೂರುತ್ತೇನೆ. ಭೌತಶಾಸ್ತ್ರದ ಸರ್ ನಿವೃತ್ತರಾಗುವ ಮೊದಲು ಅವರಿಗೂ ಒಂದು ಉತ್ತರ ಕೊಡುವುದು ಬಾಕಿ ಇದೆ. ಸರ್, ಪಿಎ ಯಾಕಿದೆ ಎಂದು ಈಗ ಗೊತ್ತು.

ನಿಮ್ಮ ದುಆಗಳಲ್ಲಿ ನನ್ನನ್ನೂ ಅಬ್ಬಾ ಅವರನ್ನೂ ನೆನೆಯಿರಿ.